ಟ್ರಾಂಬೋನಿನ ಒಂದೇ ಜಾಗ

ವರ್ನೆಲ್ ಟಿಲ್ಲರಿ ತೀರಿಕೊಂಡಾಗ ಡೆಟ್ರಾಯಿಟ್‌ನಲ್ಲಿ ಎಲ್ಲರೂ ಅವಳನ್ನು ಅಲ್ಲಿನ ಕಾಲೇಜೊಂದರ ಜಾಝ್ ಸಂಗೀತ ವಿಭಾಗದ ಮೊದಲ ಕಪ್ಪು ಪ್ರಾಧ್ಯಾಪಕಿ ಎಂದು ಹೊಗಳಿದರು. ಮೊದಲನೆಯವಳು, ನಿಜ. ಅವಳು ನಿವೃತ್ತಳಾಗುವವರೆಗೂ ಎರಡನೆಯವಳು ಬರಲಿಲ್ಲ ಎಂಬುದನ್ನು ಯಾರೂ ಹೇಳಲಿಲ್ಲ.

ಚರ್ಚಿನ ಬ್ಯಾಂಡಿನಲ್ಲಿ ತಂದೆಯ ಪಕ್ಕ ನಿಂತು, ಟ್ರಾಂಬೋನ್ ಎಂಬ ಉದ್ದನೆಯ ಹಿತ್ತಾಳೆ ಊದುವಾದ್ಯ ಕಲಿತವಳು ಅವಳು. ಹರೆಯದಲ್ಲಿ ನುಡಿಸಲು ಯಾವ ಕ್ಲಬ್ಬಿಗೆ ಹೋದರೂ, ಕೈಯಲ್ಲಿ ಅಷ್ಟುದ್ದದ ವಾದ್ಯದ ಪೆಟ್ಟಿಗೆ ಇದ್ದರೂ, "ಏನಮ್ಮಾ, ಯಾವ ಹಾಡು ಹೇಳ್ತೀಯಾ?" ಎಂದೇ ಕೇಳುತ್ತಿದ್ದರು. ಅದನ್ನು ತರಗತಿಯಲ್ಲಿ ನಗುನಗುತ್ತ ಹೇಳುತ್ತಿದ್ದಳು.

ಅವಳು ಕಲಿಸುತ್ತಿದ್ದ ಕಾಲದ ಒಂದು ಸೆಪ್ಟೆಂಬರಿನಲ್ಲಿ ಕಾಲೇಜು ಬ್ಯಾಂಡಿಗೆ ಆಯ್ಕೆ ನಡೆದಿತ್ತು. ಟ್ರಾಂಬೋನಿಗೆ ಒಂದೇ ಜಾಗ. ಬೆಳಗಿನಿಂದ ಬಿಳಿ ಹುಡುಗರನ್ನೇ ಕೇಳಿ ದಣಿದಿದ್ದ ವರ್ನೆಲ್, ಬಾಗಿಲಲ್ಲಿ ಕಪ್ಪು ಹುಡುಗಿಯೊಬ್ಬಳು ಕಂಡದ್ದೇ ತಡ, ಪಿಯಾನೊ ಕಡೆ ತಿರುಗಿ, "ಬಾಮ್ಮಾ, ಯಾವ ಶ್ರುತೀಲಿ ಹಾಡ್ತೀಯಾ?" ಎಂದುಬಿಟ್ಟಳು.

ಹುಡುಗಿಯ ಹೆಸರು ಕೆಜಾಯಾ. ಬೆನ್ನ ಮೇಲೆ ಪೆಟ್ಟಿಗೆ. "ನಾನು ಹಾಡಲ್ಲ ಮೇಡಂ. ಟ್ರಾಂಬೋನ್."

ಪಕ್ಕದಲ್ಲಿದ್ದ ಬಿಳಿಯ ಸಹೋದ್ಯೋಗಿ ಗಾರ್ಡನ್ ಹೊಟ್ಟೆ ಹಿಡಿದು ನಕ್ಕ. "ಅಯ್ಯೋ ವರ್ನೆಲ್, ಈ ಪ್ರಶ್ನೆ ನಾನು ಕೇಳಿದ್ದಿದ್ರೆ ನೀನು ನನ್ನ ಚರ್ಮ ಸುಲಿದುಬಿಡ್ತಿದ್ದೆ!"

ಕೆಜಾಯಾಳ ತುಟಿ ಒಣಗಿತು. ನುಡಿಸಿದ್ದರಲ್ಲಿ ಗಾಳಿಯೇ ಹೆಚ್ಚು, ಸ್ವರ ಕಡಿಮೆ. ಮುಗಿಸಿ ಹೊರಟುಹೋದಳು.

ವರ್ನೆಲ್‌ಗೆ ಮುಖವೆತ್ತಲಾಗಲಿಲ್ಲ. "ಅವಳ ಉಸಿರು ಕೆಡಿಸಿದ್ದು ನಾನು. ಇನ್ನೊಂದ್ಸಲ ಕೇಳೋಣ" ಎಂದಳು.

"ವಾಪಸ್ ಕರೆಸು, ಬೇಡ ಅಂದೋರ್ಯಾರು?" ಎಂದ ಗಾರ್ಡನ್, ಇನ್ನೂ ನಗುತ್ತಲೇ.

ವರ್ನೆಲ್ ಹೊರಗೆ ಓಡಿದಾಗ ಕೆಜಾಯಾ ತನ್ನ ಅಕ್ಕನ ಕಾರಿನಲ್ಲಿ ಪೆಟ್ಟಿಗೆ ಇಡುತ್ತಿದ್ದಳು.

"ತಪ್ಪಾಯ್ತು ಕಣಮ್ಮಾ. ಬಾ, ಮತ್ತೆ ನುಡಿಸು."

"ಆ ಹುಡುಗರಿಗೂ ಎರಡನೇ ಸಲ ಕೊಟ್ರಾ?"

"ಇಲ್ಲ."

"ಹಾಗಾದ್ರೆ ನಂಗೂ ಬೇಡ. ಒಳಗಿದ್ದ ಆ ಮನುಷ್ಯ ಹಾಗೆ ಕೇಳಿದ್ದಿದ್ರೆ ನಾನು ಸೊಪ್ಪು ಹಾಕ್ತಿರಲಿಲ್ಲ ಮೇಡಂ. ನೀವಿದೀರಿ ಅಂತ ಈ ಕಾಲೇಜಿಗೆ ಬಂದೆ."

ಜಾಗ ಬ್ರೈಸ್ ಎಂಬ ಹುಡುಗನಿಗೆ ಹೋಯಿತು. ಒಳ್ಳೆಯ ಹುಡುಗ. ವರ್ನೆಲ್ ತನ್ನದೆಲ್ಲವನ್ನೂ ಅವನಿಗೆ ಧಾರೆಯೆರೆದಳು. ಈಗ ಓಹಾಯೋದ ಕಾಲೇಜೊಂದರಲ್ಲಿ ಜಾಝ್ ಕಲಿಸುತ್ತಾನೆ. ಕ್ಲಬ್ಬುಗಳ ಕಥೆಯನ್ನು ಮಾತ್ರ ಅವಳು ಮತ್ತೆಂದೂ ಹೇಳಲಿಲ್ಲ. ಕೆಜಾಯಾಳ ಮನೆಯವರೆಗೂ ಒಮ್ಮೆ ಹೋಗಿ, ಬಾಗಿಲು ತಟ್ಟಲಾರದೆ ಹಿಂದಿರುಗಿದ್ದಳು. ಕೊನೆಗಾಲದಲ್ಲಿ, ಆಸ್ಪತ್ರೆಗೆ ನೋಡಲು ಬಂದ ಗೆಳತಿಗೆ ಇದನ್ನು ಹೇಳುವಾಗ ಅವಳ ಮುಖ ಗೋಡೆಯ ಕಡೆಗಿತ್ತು.

ಮಣ್ಣು ಮಾಡಿದ ದಿನ ಬ್ರೈಸ್ ಬಂದು ನುಡಿಸಿದ. ಅವಳದೇ ಉಸಿರು, ಸ್ವರದಿಂದ ಸ್ವರಕ್ಕೆ ಅವಳದೇ ಜಾರು. ಚರ್ಚಿನ ಮುದುಕಿಯರು ಅತ್ತರು. ಕೆಜಾಯಾ ಎಲ್ಲಿದ್ದಾಳೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.