ಮೊದಲ ಏಟು ದೇವರಿಗೆ

ಅವರೆಕಾಳು ಹಿತುಕುತ್ತಿರುವಾಗ ನಾನು ಫೋನು ಎತ್ತುವುದಿಲ್ಲ. ಇದು ಜಂಬವಲ್ಲ, ಅನುಭವ. ಹಿಂದಿನ ದಿನವೇ ನೆನೆಹಾಕಿದ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಚಂಗನೆ ಪಾತ್ರೆಗೆ ಹಾರಬೇಕು, ಸಿಪ್ಪೆ ಕೈಯಲ್ಲಿ ಉಳಿಯಬೇಕು. ಅದಕ್ಕೊಂದು ಲಯವಿದೆ. ಲಯ ತಪ್ಪಿದರೆ ಬೇಳೆ ಹೋಗಿ ಫ್ರಿಜ್ಜಿನ ಕೆಳಗೆ ಸೇರಿಕೊಳ್ಳುತ್ತದೆ, ಯುಗಾದಿಗೆ ಮನೆ ಗುಡಿಸುವಾಗ ಸಿಗುತ್ತದೆ.

ಆವತ್ತು ಫೋನು ಮೂರು ಸಲ ಹೊಡೆದುಕೊಂಡಿತು. ಮೂರನೆಯದಕ್ಕೆ ನಮ್ಮ ಯಜಮಾನರು ಪೇಪರಿನಿಂದ ಕಣ್ಣು ಕೀಳದೆ ಎದ್ದು ಬಂದು, ಅದನ್ನು ಸ್ಪೀಕರಿಗೆ ಹಾಕಿ, ಮೊರದ ಪಕ್ಕ ಇಟ್ಟು ಹೋದರು. ನನ್ನ ಅಣ್ಣನ ಮಗಳು ಸಿಂಚನ. ಅವಳಿಗೆ ಕೋರಸ್ ಹಾಡುವ ಇಬ್ಬರು ಅಕ್ಕತಂಗಿಯರು ಜ್ವರ ಬಂದು ಮಲಗಿದ್ದಾರೆ, ಕಾರ್ಯಕ್ರಮಕ್ಕೆ ಇನ್ನು ಒಂಬತ್ತೇ ದಿನ, ನಿಮ್ಮ ಭಜನಾ ಮಂಡಳಿಯವರು ಬರುತ್ತಾರಾ ಎಂದು ಕೇಳಿದಳು. ಅದಕ್ಕೇನಂತೆ, ಇಪ್ಪತ್ತು ಜನರನ್ನು ಕರೆತಂದು ಮುಂದಿನ ಸಾಲು ತುಂಬಿಸುತ್ತೇನೆ ಅಂದೆ.

"ಕೇಳೋಕಲ್ಲ ಅತ್ತೆ. ಹಾಡೋಕೆ."

ಒಂದು ಬೇಳೆ ಫ್ರಿಜ್ಜಿನ ಕೆಳಗೆ ಹೋಯಿತು.

ಸಿಂಚನ ಹಾಡುವುದು ಸೋಲ್ ಸಂಗೀತ. ಸೋಲ್ ಎಂದರೆ ಆತ್ಮವಂತೆ. ಅಮೆರಿಕದ ಕಪ್ಪು ಜನರು ತಮ್ಮ ಚರ್ಚುಗಳಲ್ಲಿ ದೇವರಿಗೆ ಹಾಡುತ್ತಿದ್ದ ಹಾಡಿನಿಂದ ಹುಟ್ಟಿದ್ದು. ಒಬ್ಬರು ಒಂದು ಸಾಲು ಹಾಡುವುದು, ಮಿಕ್ಕವರು ಉತ್ತರ ಕೊಡುವುದು. ಆಮೇಲೆ ಯಾರೋ ಆ ಹಾಡಿನಿಂದ ದೇವರನ್ನು ಎಬ್ಬಿಸಿ ಅಲ್ಲಿ ಪ್ರಿಯಕರನನ್ನು ಕೂರಿಸಿದರಂತೆ. ಚರ್ಚಿನ ಹಿರಿಯರಿಗೆ ಕೋಪ ಬಂತಂತೆ. ಇದನ್ನು ಕೇಳಿದಾಗ ನನಗೆ ಹಿರಿಯರ ಬಗ್ಗೆ ಪಾಪ ಅನ್ನಿಸಿತು. ನಮ್ಮಲ್ಲಿ ಗೋಪಿಯರು ಇಬ್ಬರನ್ನೂ ಒಬ್ಬನಲ್ಲೇ ಕಂಡು ಈ ಜಗಳವನ್ನು ಎಂದೋ ಮುಗಿಸಿಬಿಟ್ಟಿದ್ದಾರೆ.

ಕೋಪದ ಮಾತು ಬಂದಾಗ ನನ್ನ ಅಣ್ಣನ ವಿಷಯ ಹೇಳಲೇಬೇಕು. ಸೀನಣ್ಣ ಬ್ಯಾಂಕಿನ ಕೆಲಸದಿಂದ ನಿವೃತ್ತನಾದ, ತಾಳದಿಂದ ಆಗಲಿಲ್ಲ. ರಾಮೋತ್ಸವದ ಕಚೇರಿಗಳಲ್ಲಿ ಅವನು ಕೂತ ಸಾಲಿನಲ್ಲಿ ಪಕ್ಕದವರು ಹೆದರಿಕೊಂಡು ತೊಡೆ ತಟ್ಟುತ್ತಾರೆ. ಅವನ ಪಂಚೆಗಳೆಲ್ಲ ಬಲತೊಡೆಯ ಹತ್ತಿರವೇ ಮೊದಲು ಸವೆಯುತ್ತವೆ ಎಂದು ಅತ್ತಿಗೆ ಹೇಳುವುದುಂಟು. ಮಗಳಿಗೆ ಐದನೇ ವರ್ಷದಿಂದ ಅವನೇ ಪಾಠ ಹೇಳಿದ. ಹತ್ತೊಂಬತ್ತಕ್ಕೆ ಅವಳು ಆ ಪಾಠ ಬಿಟ್ಟು ಈ ಹಾಡಿಗೆ ಹೋದಳು. ಅಣ್ಣ ಬೈಯಲಿಲ್ಲ. ನಮ್ಮಂಥ ಮನೆಗಳಲ್ಲಿ ಕೋಪವೆಂದರೆ ಕೂಗಾಟವಲ್ಲ, ಕೇಳದೇ ಇರುವುದು. "ಊಟ ಆಯ್ತಾ" ಎಂದು ಕೇಳುತ್ತಾನೆ, "ಹಾಡು ಹೇಗಾಯ್ತು" ಎಂದು ಕೇಳುವುದಿಲ್ಲ. ಆರು ವರ್ಷದಿಂದ ಹೀಗೇ. ಅವಳು ಪ್ರತಿ ಕಾರ್ಯಕ್ರಮಕ್ಕೂ ಮೂರನೇ ಸಾಲಿನಲ್ಲಿ ಒಂದು ಕುರ್ಚಿಯ ಮೇಲೆ ತನ್ನ ಚೀಲ ಇಟ್ಟು ಅಪ್ಪನಿಗೆಂದು ಕಾದಿಡುತ್ತಾಳೆ. ಕಾರ್ಯಕ್ರಮ ಮುಗಿದ ಮೇಲೆ ಹೋಗಿ ಆ ಚೀಲ ತೆಗೆದುಕೊಳ್ಳುತ್ತಾಳೆ. ಇದನ್ನು ಅವಳು ನನಗೆ ಹೇಳಿಲ್ಲ, ನಾನೇ ನೋಡಿದ್ದೇನೆ.

ಆ ಚೀಲ ನೆನಪಾಗಿ ನಾನು ಒಪ್ಪಿಕೊಂಡೆ. ಇಲ್ಲದಿದ್ದರೆ ಅರವತ್ತೊಂದನೇ ವಯಸ್ಸಿನಲ್ಲಿ ಮೊಣಕಾಲು ನೋವಿಟ್ಟುಕೊಂಡು ಇಂಥ ಸಾಹಸ ಯಾರಿಗೆ ಬೇಕಿತ್ತು?

ನನ್ನ ಜೊತೆಗೆ ವಿಮಲಾ ಬಂದಳು, ಪದ್ಮಕ್ಕ ಬಂದರು. ವಿಮಲಾ ಎದುರು ಮನೆಯವಳು, ಕರೆದಲ್ಲಿಗೆ ಬರುತ್ತಾಳೆ. ಪದ್ಮಕ್ಕ ಮಂಡಳಿಯ ಹಿರಿಯರು, ಎಪ್ಪತ್ತು ದಾಟಿದ್ದಾರೆ. ಹಾಡಿನಲ್ಲಿ ಅಸಹ್ಯ ಏನಾದರೂ ಇದೆಯಾ ಎಂದು ಮೊದಲೇ ವಿಚಾರಿಸಿಕೊಂಡರು. ನಮ್ಮ ಪಾಲಿಗೆ ಬರುವುದು ಬರೀ "ಊ" ಮತ್ತು "ಆ" ಎಂದು ತಿಳಿದ ಮೇಲೆ ಸ್ವಲ್ಪ ನಿರಾಸೆಯಾದಂತೆ ಕಂಡಿತು.

ಅಭ್ಯಾಸ ನಮ್ಮ ಮನೆಯ ಹಾಲಿನಲ್ಲೇ. ಮೊದಲ ದಿನ ಸಿಂಚನ ಹಾಡಿಸಲಿಲ್ಲ, ಹಳೆಯ ವಿಡಿಯೋಗಳನ್ನು ತೋರಿಸಿದಳು. ಯಾರ ಹೆಸರೂ ನನ್ನ ನಾಲಿಗೆಗೆ ಹತ್ತಲಿಲ್ಲ, ಮುಖಗಳು ಮಾತ್ರ ಕಣ್ಣಿನಲ್ಲಿವೆ. ಒಂದರಲ್ಲಿ ಹಾಡಿ ಹಾಡಿ ದಣಿದ ಒಬ್ಬ ಅಜ್ಜಿ ಒಳಗೆ ಹೊರಡುತ್ತಾಳೆ, ಯಾರೋ ಬಂದು ಅವಳ ಹೆಗಲಿಗೆ ಕೋಟು ಹೊದಿಸುತ್ತಾರೆ. ನಮ್ಮಲ್ಲಾದರೆ ಶಾಲು ಹೊದಿಸಿದರೆ ಕಚೇರಿ ಮುಗಿದಂತೆ, ಜನ ಚಪ್ಪಲಿ ಹುಡುಕಲು ಏಳುತ್ತಾರೆ. ಈ ಅಜ್ಜಿ ನಾಲ್ಕು ಹೆಜ್ಜೆ ಹೋದವಳು ಕೋಟನ್ನು ನೆಲಕ್ಕೆ ಬಿಟ್ಟು, ತಿರುಗಿ ಬಂದು, ಮೈಕು ಹಿಡಿದು ಮೊದಲಿಗಿಂತ ಜೋರಾಗಿ ಶುರುಮಾಡಿದಳು. ಇನ್ನೊಂದರಲ್ಲಿ ಹಾಡಿನ ಮಧ್ಯೆ ಕರೆಂಟು ಹೋಯಿತು. ಗಾಯಕ ನಿಲ್ಲಿಸಲಿಲ್ಲ, ಮೈದಾನದ ಜನವೆಲ್ಲ ಹಿಡಿದುಕೊಂಡರು. ಕರೆಂಟು ಬಂದಾಗ ಅವನು ಸುಮ್ಮನೆ ನಿಂತು ಅವರ ಹಾಡು ಕೇಳುತ್ತಿದ್ದ. ಮತ್ತೊಂದು ಚರ್ಚಿನೊಳಗಿನದು. ದೊಡ್ಡ ಟೋಪಿಯ ಹೆಂಗಸೊಬ್ಬಳು ಬೆಂಚಿನಿಂದ ಎದ್ದು, ಹಾಡುವವಳಿಗೆ ತಾನು ಕೂತಲ್ಲಿಂದಲೇ ಉತ್ತರ ಕೊಟ್ಟಳು. ಟೋಪಿ ತೆಗೆದು ಕುಂಕುಮ ಇಟ್ಟರೆ ನಮ್ಮ ಪದ್ಮಕ್ಕ. ನಾನು ಹಾಗೆಂದಾಗ ಪದ್ಮಕ್ಕ ಆ ಹೆಂಗಸನ್ನು ಇನ್ನೊಂದು ಸಲ ತೋರಿಸಲು ಹೇಳಿದರು.

ನನಗೊಂದು ಹೊಳೆಯಿತು. ಸಿಂಚನ ಮರೆಯಲಾಗದ್ದು ಎಂದು ಆರಿಸಿದ ಕಾರ್ಯಕ್ರಮಗಳಲ್ಲೆಲ್ಲ ಏನೋ ಒಂದು ಕೆಟ್ಟಿದೆ. ದಣಿವು, ಕತ್ತಲೆ, ನಡುವೆ ಎದ್ದು ನಿಲ್ಲುವ ಹೆಂಗಸು. ರೆಕಾರ್ಡಿನಲ್ಲಿ ಹಾಡು ಬೀಳುವುದೇ ಇಲ್ಲ. ಎದುರಿಗೆ ಹಾಡುವವರದು ಬಿದ್ದು ಏಳುತ್ತದೆ. ಅದನ್ನು ನೋಡುವುದಕ್ಕೇ ಜನ ಹೋಗುವುದೋ ಏನೋ.

ಬೀಳುವುದಕ್ಕೆ ನಾವು ತಡಮಾಡಲಿಲ್ಲ. ತೊಂದರೆ ಹಾಡಿನದಲ್ಲ, ಚಪ್ಪಾಳೆಯದು. ನಾಲ್ಕು ಎಣಿಕೆ ಇದೆ ಎಂದಿಟ್ಟುಕೊಳ್ಳಿ. ಭಜನೆಯಲ್ಲಿ ನಾವು ಒಂದಕ್ಕೆ ಮತ್ತು ಮೂರಕ್ಕೆ ತಟ್ಟುತ್ತೇವೆ. ಹುಟ್ಟಿದಾಗಿನಿಂದ ಕೈ ಅಲ್ಲೇ ಬಿದ್ದು ಅಭ್ಯಾಸ. ಸೋಲ್ ಹಾಡಿನಲ್ಲಿ ಎರಡಕ್ಕೆ ಮತ್ತು ನಾಲ್ಕಕ್ಕೆ ತಟ್ಟಬೇಕು. ಹೇಳಲು ಇಷ್ಟೇ. ಆದರೆ ಮಾಡುವಾಗ, ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡು ಗಾಂಧಿ ಬಜಾರು ಸುತ್ತಿದಂತೆ. ಎರಡು ದಿನ ಹೋರಾಡಿದೆವು. ಪದ್ಮಕ್ಕ ಒಂದನ್ನು ಬಿಡಲೊಲ್ಲರು.

"ಒಂದು ಅನ್ನೋದನ್ನ ಹಾಗೆ ಖಾಲಿ ಬಿಡೋಕಾಗತ್ತೇನೇ? ಅನಾಥ ಮಾಡಿದ ಹಾಗಾಗತ್ತೆ."

ಮೂರನೇ ದಿನ ಬೆಳಿಗ್ಗೆ ನೈವೇದ್ಯಕ್ಕೆ ಹುಗ್ಗಿ ತೆಗೆಯುತ್ತಿದ್ದೆ. ಧನುರ್ಮಾಸ, ಸೂರ್ಯ ಹುಟ್ಟುವ ಮುಂಚೆ ಪೂಜೆ. ಮೊದಲ ಸೌಟು ಬೆಳ್ಳಿ ಬಟ್ಟಲಿಗೆ. ಅದನ್ನು ನಾವು ಮುಟ್ಟುವುದಿಲ್ಲ, ರುಚಿ ನೋಡುವುದಿಲ್ಲ, ಉಪ್ಪು ಸರಿಯಿದೆಯೋ ಇಲ್ಲವೋ ದೇವರೇ ಬಲ್ಲ. ಸೌಟು ಕೈಯಲ್ಲಿರುವಾಗಲೇ ಉತ್ತರ ಸಿಕ್ಕಿತು. ಸಂಜೆ ಪದ್ಮಕ್ಕನಿಗೆ ಹೇಳಿದೆ: "ಒಂದು ಖಾಲಿ ಅಲ್ಲ ಪದ್ಮಕ್ಕ, ನೈವೇದ್ಯ. ಮೊದಲನೇ ಏಟು ದೇವರಿಗೆ ಬಿಟ್ಬಿಡಿ. ಎರಡನೇದು ಪ್ರಸಾದ, ನಮ್ಮದು."

ಪದ್ಮಕ್ಕ ಎರಡಕ್ಕೆ ತಟ್ಟಿದರು. ಮತ್ತೆ ತಪ್ಪಲಿಲ್ಲ. ಶಾಸ್ತ್ರಕ್ಕೆ ಒಪ್ಪಿಗೆಯಾದರೆ ಅವರ ಕೈ ಯಾವ ದೇಶದ ತಾಳಕ್ಕಾದರೂ ಒಪ್ಪುತ್ತದೆ.

ಇನ್ನು ಅಣ್ಣನನ್ನು ಕರೆಯುವುದು. ಅವನು ನಮ್ಮ ಮಂಡಳಿಯ ಕಾರ್ಯಕ್ರಮವನ್ನು ಈವರೆಗೆ ತಪ್ಪಿಸಿದವನಲ್ಲ. ಶನಿವಾರ ಸಂಜೆ ಮಲ್ಲೇಶ್ವರದಲ್ಲಿ ನಮ್ಮ ಮಂಡಳಿಯವರು ಹಾಡುತ್ತಿದ್ದೇವೆ, ಬಾ ಅಂದೆ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅವನು "ಹೂಂ" ಅಂದ. ಆ ದಿನ ಆಂಜನೇಯನಿಗೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ. ಅರ್ಧ ನಿಜಕ್ಕೆ ಒಂದು ದೀಪ ಸಾಕೆಂದು ನನ್ನ ಅಂದಾಜು.

ಶನಿವಾರ ಕೇಳಿದ ತಕ್ಷಣ ಆಟೋ ಸಿಕ್ಕಿತು. ಸಭಾಂಗಣದ ಮೆಟ್ಟಿಲು ಬರೀ ಐದು, ಹಿಡಿದುಕೊಳ್ಳಲು ಕಂಬಿಯೂ ಇತ್ತು. ಇಂಥ ಸಣ್ಣ ಕರುಣೆಗಳನ್ನು ನಾನು ಎಣಿಸಿಕೊಳ್ಳುತ್ತೇನೆ. ದೊಡ್ಡವು ಬರುವ ದಿನ ದಾರಿ ಗೊತ್ತಿರಲಿ ಎಂದು. ಮುಂದಿನ ಎರಡು ಸಾಲು ಮಂಡಳಿಯವರು, ಅವರ ಯಜಮಾನರು. ಹಿಂದೆಲ್ಲ ಹುಡುಗ ಹುಡುಗಿಯರು. ಮೂರನೇ ಸಾಲಿನ ಕುರ್ಚಿಯ ಮೇಲೆ ಚೀಲ. ನಾವು ವೇದಿಕೆ ಹತ್ತುವಾಗಲೂ ಅದು ಅಲ್ಲೇ ಇತ್ತು. ಮೊದಲ ಹಾಡಿನ ನಡುವೆ ನೋಡುತ್ತೇನೆ, ಚೀಲ ಅಣ್ಣನ ಮಡಿಲಲ್ಲಿದೆ. ಅವನು ಕೈಕಟ್ಟಿ, ಎರಡೂ ಅಂಗೈಗಳನ್ನು ಕಂಕುಳಲ್ಲಿ ಬಚ್ಚಿಟ್ಟು ಕೂತಿದ್ದಾನೆ. ತಾಳ ಹಾಕದ ಸೀನಣ್ಣನನ್ನು ನಾನು ನೋಡಿದ್ದು ಅದೇ ಮೊದಲು. ಸಿಂಚನಳೂ ನೋಡಿದಳು. ಅವಳ ದನಿ ಒಂದು ಎಳೆ ನಡುಗಿದ್ದು ಪಕ್ಕದಲ್ಲಿದ್ದ ನನಗೆ ತಿಳಿಯಿತು.

ಇಂಗ್ಲಿಷ್ ಹಾಡುಗಳು ಚೆನ್ನಾಗಿಯೇ ಸಾಗಿದವು. ನಮ್ಮವರಿಗೆ ಅರ್ಥವಾಗದಿದ್ದರಿಂದ ಗೌರವದಿಂದ ಸುಮ್ಮನಿದ್ದರು. ಕಷ್ಟ ಬಂದದ್ದು ಕೊನೆಯ ಹಾಡಿಗೆ. ಅದು ಅವಳೇ ಕಟ್ಟಿದ ಕನ್ನಡದ್ದು. ಅವಳು "ನಾನೆಲ್ಲಿಗೂ ಹೋಗಿಲ್ಲ" ಅಂತ ಹಾಡಬೇಕು, ನಾವು ಮೂವರು "ಇಲ್ಲೇ ಇದ್ದೀನಿ" ಅನ್ನಬೇಕು. ಮಾತು ಅರ್ಥವಾದದ್ದೇ ತಡ, ಮುಂದಿನ ಎರಡು ಸಾಲಿಗೆ ಎಲ್ಲಿಲ್ಲದ ಖುಷಿಯಾಗಿ ಚಪ್ಪಾಳೆ ಶುರುಮಾಡಿದರು. ಒಂದಕ್ಕೆ ಮತ್ತು ಮೂರಕ್ಕೆ. ನಲವತ್ತು ಕೈ, ಏಕಾದಶಿ ಭಜನೆಯ ಹುರುಪು. ಹಿಂದಿನ ಹುಡುಗರು ಎರಡಕ್ಕೆ ತಟ್ಟುತ್ತಿದ್ದಾರೆ. ಸಭಾಂಗಣದಲ್ಲಿ ಕಲ್ಲುಮಳೆ ಬಿದ್ದ ಹಾಗಾಯಿತು. ವಿಮಲಾ ಜಾರಿದಳು. ನಾನು ಜಾರಿದೆ. ಸಂಜೆಯಾದರೆ ಹಸು ತಾನಾಗಿ ಕೊಟ್ಟಿಗೆಗೆ ಬರುವಂತೆ ನನ್ನ ಕೈ ಒಂದಕ್ಕೆ ಹೋಗಿಬಿಟ್ಟಿತು. ಪದ್ಮಕ್ಕ ಒಬ್ಬರೇ ಕಣ್ಣುಮುಚ್ಚಿ ಎರಡಕ್ಕೆ ತಟ್ಟುತ್ತಿದ್ದರು. ಡ್ರಮ್ಮಿನವನು ಯಾರನ್ನು ಹಿಡಿಯುವುದೆಂದು ತಿಳಿಯದೆ ಕೋಲು ಎತ್ತಿಕೊಂಡು ಕೂತ. ಸಿಂಚನ ಕೈ ಎತ್ತಿ ಹಾಡು ನಿಲ್ಲಿಸಿದಳು.

ಅಪ್ಪ ಬಂದ ಒಂದೇ ದಿನ, ತಾಳ ತಪ್ಪಿ ನಿಂತ ಹಾಡು. ಅದನ್ನು ಕೆಡಿಸಿದವರು ನಾವು, ಅವಳಿಗೆ ಒಳ್ಳೆಯದಾಗಲಿ ಎಂದು ಹೋದವರು. ನನಗೆ ವೇದಿಕೆ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಅವಳು ವೇದಿಕೆಯ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂತಳು.

"ತಪ್ಪು ನಿಮ್ಮದಲ್ಲ. ಮೊದಲೇ ಹೇಳ್ಬೇಕಿತ್ತು ನಾನು. ಒಂದನೇ ಏಟು ದೇವರಿಗೆ, ಅದನ್ನ ಯಾರೂ ಮುಟ್ಬೇಡಿ. ಎರಡನೇದು ಪ್ರಸಾದ. ನಮ್ಮತ್ತೆ ಕಂಡುಹಿಡಿದಿದ್ದು."

ಜನ ನಕ್ಕರು. ಅವಳು ಮೂರನೇ ಸಾಲಿನ ಕಡೆ ತಿರುಗಿದಳು. ಮೈಕು ಪಕ್ಕದಲ್ಲಿತ್ತು, ಅದರಲ್ಲಿ ಹೇಳಲಿಲ್ಲ.

"ಅಪ್ಪ, ತಾಳ ನೀವು ಹಾಕ್ತೀರಾ?"

ಅಣ್ಣ ಮಡಿಲಿನ ಚೀಲವನ್ನು ಕೆಳಗಿಟ್ಟ. ಬಲಗೈ ಹೊರಗೆ ತೆಗೆದ. ಒಂದಕ್ಕೆ ಅಂಗೈಯನ್ನು ಮೇಲೆ ಮಾಡಿ ತೊಡೆಯ ಮೇಲೆ ಸದ್ದಿಲ್ಲದೆ ಇಟ್ಟ. ಕಚೇರಿಯಲ್ಲಿ ಹೊಡೆತವಿಲ್ಲದ ಎಣಿಕೆಗೆ ಹುಸಿ ತೋರಿಸುತ್ತಾರಲ್ಲ, ಹಾಗೆ. ಎರಡಕ್ಕೆ ತಿರುಗಿಸಿ ಹೊಡೆದ. ಮೂರು, ಮೇಲೆ. ನಾಲ್ಕು, ಹೊಡೆತ. ಮುಂದಿನ ಸಾಲಿನವರು ಹಿಂದಕ್ಕೆ ಕತ್ತು ತಿರುಗಿಸಿಕೊಂಡು ಅವನ ಕೈ ನೋಡಿ ತಟ್ಟಿದರು. ಡ್ರಮ್ಮಿನವನು ಅವನನ್ನೇ ನೋಡಿ ಕೋಲು ಇಳಿಸಿದ. ಸಿಂಚನ ಕೂತಲ್ಲಿಂದಲೇ "ನಾನೆಲ್ಲಿಗೂ ಹೋಗಿಲ್ಲ" ಎಂದು ಎತ್ತಿಕೊಂಡಳು. ನಾವು ಮೂವರು "ಇಲ್ಲೇ ಇದ್ದೀನಿ" ಅಂದೆವು. ಎರಡನೇ ಸಲಕ್ಕೆ ನಾನು ಅಣ್ಣನ ಕೈ ನೋಡುತ್ತ ಹಾಡುವುದನ್ನೇ ಮರೆತೆ. ಪದ್ಮಕ್ಕ ನನ್ನ ಪಾಲನ್ನೂ ಸೇರಿಸಿ ಹಾಡಿದರು.

ಹೊರಗೆ ಆಟೋಗೆ ಕಾಯುವಾಗ ಅಣ್ಣ ನನ್ನನ್ನು ಹಿಡಿದ.

"ಮಂಡಳಿ ಪ್ರೋಗ್ರಾಮೇನೇ ಇದು?"

"ಮಂಡಳಿಯೋರು ಹಾಡಿದ್ವಲ್ಲ."

"ಮನೆ ಬಿಡೋವಾಗ್ಲೇ ಗೊತ್ತಿತ್ತು ನಂಗೆ. ನಿಮ್ಮ ಮಂಡಳಿ ಯಾವತ್ತು ಚಾಮರಾಜಪೇಟೆ ದಾಟಿದೆ?"

ಹಾಗಾದರೆ ಗೊತ್ತಿದ್ದೇ ಬಂದಿದ್ದಾನೆ. ನನ್ನ ದೀಪದ ಎಣ್ಣೆ ದಂಡ, ಅಥವಾ ಅಲ್ಲ. ಅಷ್ಟರಲ್ಲಿ ಸಿಂಚನ ಬಂದಳು. ಅವನು ಚೆನ್ನಾಗಿತ್ತು ಅನ್ನಲಿಲ್ಲ. ಚೀಲ ಅವಳ ಕೈಗೆ ಕೊಟ್ಟು, ಮೂರನೇ ಹಾಡಿನಲ್ಲಿ ಮೇಲೆ ಹೋದಾಗ ಉಸಿರು ಸಾಲಲಿಲ್ಲ, ಬೆಳಿಗ್ಗೆ ಬೇಗ ಎದ್ದು ಅಕಾರ ಸಾಧನೆ ಮಾಡಬೇಕು, ಏಳಿಸುತ್ತೇನೆ ಅಂದ. ಹೇಳಿ ಆಟೋದವನ ಜೊತೆ ಮಾತಿಗೆ ನಿಂತ. ಇವಳ ಕಣ್ಣಲ್ಲಿ ನೀರು. ಇಂಥ ದಿನವೂ ತಪ್ಪು ಹೇಳಬೇಕೇ ಎಂದು ನನಗೆ ಅಣ್ಣನ ಮೇಲೆ ರೇಗಿತು. ಅವಳು ನನ್ನ ಕೈ ಒತ್ತಿದಳು.

"ಇಲ್ಲ ಅತ್ತೆ. ಅಪ್ಪ ಮೂರನೇ ಹಾಡು ಕೇಳಿಸ್ಕೊಂಡಿದಾರೆ."

ಮರುದಿನ ಬೆಳಿಗ್ಗೆ ಹುಗ್ಗಿಗೆ ಕುಕ್ಕರ್ ಇಟ್ಟು ಅಣ್ಣನ ಮನೆಗೆ ಫೋನು ಮಾಡಿದೆ. ಅತ್ತಿಗೆ ಎತ್ತಿ, ಮಾತಾಡದೆ, ಫೋನನ್ನು ಹಾಲಿನ ಕಡೆ ಹಿಡಿದಳು. ಒಳಗಿನಿಂದ ಉದ್ದನೆಯ "ಆ" ಕೇಳುತ್ತಿತ್ತು. ಅದರ ಮೇಲೆ ಅಣ್ಣನ ದನಿ: "ಇನ್ನೊಂದ್ ಸಲ." ನಾನು ಸದ್ದಿಲ್ಲದೆ ಫೋನು ಇಟ್ಟೆ. ಮೊದಲ ಸೌಟು ಬೆಳ್ಳಿ ಬಟ್ಟಲಿಗೆ ಹಾಕಿ ದೇವರ ಮುಂದಿಟ್ಟೆ. ನೆನೆದ ಅವರೆಕಾಳು ಕಾಯುತ್ತಿತ್ತು. ಮೊರ ಎಳೆದುಕೊಂಡು ಹಿತುಕಲು ಕೂತೆ. ಮೊದಲ ಬೇಳೆ ಹಾರಿ ಫ್ರಿಜ್ಜಿನ ಕೆಳಗೆ ಹೋಯಿತು. ಹೋಗಲಿ ಎಂದು ಬಿಟ್ಟು, ಎರಡನೆಯದನ್ನು ಪಾತ್ರೆಗೆ ಒತ್ತಿದೆ.