ಗಿರಿಜಳ ಹಾಜರಿ

ಎರಡು ಸಲ ಸಾಬೂನು ಹಾಕಿ ತೊಳೆದರೂ ಬೆರಳಿನಿಂದ ಆ ವಾಸನೆ ಹೋಗಲಿಲ್ಲ. ಹಳೆ ಕಾಗದ, ಜಿರಲೆ ಹಿಕ್ಕೆ, ಮೇಲಿಷ್ಟು ಕಡಲ ಉಪ್ಪುಗಾಳಿ. ನೀವು ಮೂಗು ಮುರಿಯಬಹುದು. ನನಗೋ ಮೂಸುತ್ತ ಕೂತರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಇವತ್ತು ಬೆಳಿಗ್ಗೆ ಪೂರ್ತಿ ಅಮ್ಮ ಓದಿದ ಶಾಲೆಯ ಹಳೆ ಹಾಜರಿ ಪುಸ್ತಕಗಳ ನಡುವೆ ಕೂತಿದ್ದೆ.

ಶಾಲೆಗೆ ನೂರು ತುಂಬುತ್ತಿದೆ. ಬದುಕಿರುವ ಹಳೆ ವಿದ್ಯಾರ್ಥಿಗಳನ್ನು ಹೆಸರು ಕರೆದು ವೇದಿಕೆ ಹತ್ತಿಸುತ್ತಾರಂತೆ. ಆದರೆ ದಾಖಲೆಯಲ್ಲಿ ಹೆಸರಿದ್ದವರನ್ನು ಮಾತ್ರ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಬಿಜೂರಿನಿಂದ ಮುತ್ತು ಚಿಕ್ಕಮ್ಮನ ಫೋನು: "ಮಗಾ, ನನ್ನ ಹೆಸ್ರ್ ಇತ್ತಾ ಕಾಣ್. ಒಂದ್ ಸಲ ಕರ್ದ್ರೆ ಸಾಕ್ ನಂಗೆ."

ಆ 'ಸಾಕ್' ಅರ್ಥವಾಗಬೇಕಾದರೆ ನಮ್ಮ ಮನೆಯ ಸಂಗತಿ ನಿಮಗೆ ಗೊತ್ತಿರಬೇಕು. ಚಿಕ್ಕಮ್ಮನ ಅಕ್ಕ, ಅಂದರೆ ನನ್ನ ಅಮ್ಮ ಗಿರಿಜ, ನಾಲ್ಕನೇ ಕ್ಲಾಸು ಪಾಸು. ಆ ಪಾಸಿನ ಜೋರಿನಲ್ಲಿ ಅವಳು ಇಡೀ ಬಳಗದ ಕಾಗದ ಓದಿಕೊಟ್ಟಿದ್ದಾಳೆ, ಮದುವೆ ಕರೆಯೋಲೆಗಳ ತಪ್ಪು ಹುಡುಕಿದ್ದಾಳೆ, ಲೆಕ್ಕ ಬಾರದ ನನ್ನ ಕಿವಿ ಹಿಂಡಿದ್ದಾಳೆ. ತಂಗಿ "ನಾನೂ ಶಾಲಿಗ್ ಹೋಯಿದೆ" ಎಂದು ಬಾಯಿ ತೆರೆದರೆ ಅಮ್ಮನದು ಒಂದೇ ಮಾತು: "ನೀನಾ? ಶಾಲಿ ಬಾಗ್ಲಗೆ ನೆಲ್ಲಿಕಾಯ್ ತಿಂಬುಕ್ ಹೋದ್ದ್!" ಎಲ್ಲರೂ ನಗುತ್ತಿದ್ದರು, ಚಿಕ್ಕಮ್ಮನೂ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದದ್ದು ನಾನು. ಕಿವಿ ಉಳಿಸಿಕೊಳ್ಳಬೇಕಿತ್ತಲ್ಲ!

ಶಾಲೆಯ ಟೀಚರಮ್ಮ ಬಟ್ಟೆಯ ಗಂಟು ಬಿಚ್ಚಿ, "ಹ್ವಾಯ್, ಮೆಲ್ಲ ಮಗ್ಚಿ ಕಾಣಿ, ಕಾಗ್ದ ಹುಡಿ ಆತ್ತ್" ಎಂದು ಹೇಳಿ ಪಾಠಕ್ಕೆ ಹೋದರು. ದಾಖಲಾತಿ ಪುಸ್ತಕದ ಪ್ರಕಾರ ಅರ್ಧ ಊರು ಒಂದೇ ದಿನ ಹುಟ್ಟಿದೆ. ಮಾಷ್ಟ್ರು ದಯಪಾಲಿಸಿದ ಜನ್ಮದಿನ. ಶಾಲೆ ಬಿಟ್ಟ ಕಾರಣ ಎಂಬಲ್ಲಿ ಸಾಲಾಗಿ ಬೊಂಬಾಯಿ, ಬೊಂಬಾಯಿ, ಮನೆಕೆಲಸ, ಬೊಂಬಾಯಿ. ಹೊರಗೆ ಕಡಲಿನ ಸದ್ದು, ಪಕ್ಕದ ಕೋಣೆಯಲ್ಲಿ ಮಗ್ಗಿಯ ರಾಗ. ಓದುತ್ತ ಓದುತ್ತ ನನಗೆ ಮಂಪರು ಹತ್ತಿತೋ ಏನೋ, ಒಂದೊಂದು ಹೆಸರಿಗೂ ಒಂದೊಂದು ಮಗು ಎದ್ದು "ಹಾಜರ್" ಎಂದು ಕೂತಂತಾಯಿತು. ನಾನು ಹೆದರುತ್ತಿದ್ದ ಮೀಸೆಯ ಅಜ್ಜನೊಬ್ಬ ಪುಟ್ಟ ಹುಡುಗನಾಗಿ ಮೂಗು ಸೋರಿಸುತ್ತ ನಿಂತಿದ್ದ.

ಗಿರಿಜ ಸಿಕ್ಕಳು. ಮುತ್ತು ಸಿಗಲಿಲ್ಲ. ಮೂರು ಸಲ ಹುಡುಕಿದೆ. ಅಮ್ಮನದಾದರೋ ನಾಲ್ಕನೇ ಕ್ಲಾಸಿನಲ್ಲಿ ವರ್ಷವಿಡೀ ಒಂದು ದಿನವೂ ತಪ್ಪದ ಹಾಜರಿ. ಹೆಮ್ಮೆಪಟ್ಟು ಪುಸ್ತಕ ಮುಚ್ಚಬೇಕು, ಅಷ್ಟರಲ್ಲಿ ತಲೆಯಲ್ಲಿ ಹುಳ ಹೊಕ್ಕಿತು. ಅಮ್ಮನ ತಮ್ಮ, ನನ್ನ ಮಾವ, ತೊಟ್ಟಿಲಲ್ಲಿದ್ದ ವರ್ಷ ಅದು. ಅಜ್ಜಿ ಮೀನಿನ ಬುಟ್ಟಿ ಹೊತ್ತು ತಲ್ಲೂರಿನ ಕಡೆ ಹೋದರೆ ತೊಟ್ಟಿಲು ತೂಗುತ್ತಿದ್ದವರು ಯಾರು?

ಮನೆಗೆ ಬಂದರೆ ಚಿಕ್ಕಮ್ಮ ಆಗಲೇ ಬಸ್ಸಿಳಿದು ಬಂದು ಕೂತಿದ್ದಳು. ಅಕ್ಕತಂಗಿ ಜಗಲಿಯಲ್ಲಿ ಒಣ ಸಿಗಡಿಯ ತಲೆ ಮುರಿಯುತ್ತಿದ್ದರು.

"ಚಿಕ್ಕಮ್ಮಾ, ನಿನ್ನ ಹೆಸ್ರ್ ಇಲ್ಲೆ."

"ಇಲ್ಯಾ" ಎಂದಳು, ಅಷ್ಟೇ. ಆಮೇಲೆ ತಲೆಯನ್ನು ತಟ್ಟೆಗೆ ಹಾಕಿ ಸಿಗಡಿಯನ್ನು ಕಸಕ್ಕೆ ಎಸೆಯತೊಡಗಿದಳು. ಏನಾದರೂ ಮಾತಾಡಬೇಕೆಂದು ಅಮ್ಮನ ತಪ್ಪದ ಹಾಜರಿಯನ್ನೂ ಆ ತೊಟ್ಟಿಲಿನ ಅನುಮಾನವನ್ನೂ ಹೇಳಿಬಿಟ್ಟೆ.

ಅಮ್ಮನ ಕೈ ನಿಂತಿತು.

"ಒಂದ್ ದಿನ ನಾನ್, ಒಂದ್ ದಿನ ಇವ್ಳ್" ಎಂದಳು. "ಒಬ್ಳ್ ಮನಿಯಗ್ ಮಗು ಕಾಣ್ಕಲೆ! ಮಾಷ್ಟ್ರ್ 'ಗಿರಿಜಾ' ಅಂದ್ರೆ, ಯಾರ್ ಹೋಯಿದ್ರೂ 'ಹಾಜರ್' ಅಂಬುದ್."

ಒಬ್ಬಳಿಗಿಂತ ಇನ್ನೊಬ್ಬಳು ಒಂದು ಗೇಣು ಗಿಡ್ಡ. ಮಾಷ್ಟ್ರಿಗೆ ಗೊತ್ತಾಗಲಿಲ್ಲ ಎಂದರೆ ನಾನಂತೂ ನಂಬುವುದಿಲ್ಲ. ಗೊತ್ತಿದ್ದೇ ದಿನಾ ಬರೆದ ಪುಣ್ಯಾತ್ಮ!

"ಪರೀಕ್ಷಿ ದಿನದ್ದೂ ಹೇಳಕ್ಕಾ" ಎಂದಳು ಚಿಕ್ಕಮ್ಮ, ಮೆಲ್ಲಗೆ.

ಅಮ್ಮ ತಲೆ ಎತ್ತಲಿಲ್ಲ. "ಅವತ್ತ್ ಇವ್ಳ್ ಸರದಿ. ಪಾಸಾದ್ದ್ ಇವ್ಳ್. ಊರೆಲ್ಲ ನನ್ನ ಹೊಗಳೂಕ್ ಶುರು ಮಾಡ್ತ್ ಮಗಾ, ಬಾಯ್ ಬಿಡೂಕ್ ಆಯ್ಲಿಲ್ಲೆ." ಸೆರಗು ಕಣ್ಣಿಗೆ ಹೋಯಿತು.

ಎಪ್ಪತ್ತು ದಾಟಿದ ಅಮ್ಮ ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ. ನನಗೋ ಅಷ್ಟು ವರ್ಷ ನಕ್ಕ ನಗೆಯೆಲ್ಲ ಒಟ್ಟಿಗೆ ನೆನಪಾಗಿ ನಾಚಿಕೆಯಾಯಿತು. ಚಿಕ್ಕಮ್ಮ ಮಾತ್ರ ಕಸದಿಂದ ಸಿಗಡಿ ಹೆಕ್ಕಿ ತಟ್ಟೆಗೆ ಹಾಕುತ್ತ, "ನಂಗ್ ಇದನ್ನ್ ನಿನ್ನ ಬಾಯಗೇ ಕೇಂಬುಕಿತ್ತ್" ಎಂದಳು.

ಈಗ ಸಂಜೆ. ಶಾಲೆಯವರ ಫಾರಂ ನನ್ನ ಮುಂದಿದೆ. ಹೆಸರಿನ ಜಾಗದಲ್ಲಿ ಗಿರಿಜ ಎಂದು ಬರೆದಿದ್ದೇನೆ. ದಾಖಲೆಯಲ್ಲಿರುವುದು ಅದೇ ತಾನೆ? ಒಳಗೆ ಇಬ್ಬರೂ ಚಾ ಕುಡಿಯುತ್ತ ಮಾತಾಡುವುದು ಇಲ್ಲಿಗೆ ಕೇಳುತ್ತಿದೆ.

"ಅವತ್ತ್ ಗಿರಿಜಾ ಅಂತ ಕರ್ದ್ರೆ ನೀನೇ ವೇದಿಕಿ ಹತ್ತ್, ಹೆಣೆ" ಎನ್ನುತ್ತಿದ್ದಾಳೆ ಅಮ್ಮ.

"ನೀ ಎಂತ ಮಾಡ್ತೆ?"

"ನಾನಾ? ಅವತ್ತ್ ನಾನ್ ಮನಿಯಗ್ ಉಳಿತೆ."