ಮೈ ಒದರದ ಟಗರು

ಚನ್ನಪಟ್ಟಣದ ಪೇಟೆಯಲ್ಲಿ ಅನಂತರಾಜು ಎದುರಿಗೆ ಬಂದರೆ ರಸ್ತೆ ದಾಟಿ ಆಚೆ ಹೋಗುವವರು ಮೊದಲೂ ಇದ್ದರು. ಹೊಂಗನೂರಿನ ಈ ಮನುಷ್ಯ ಇನ್ಶೂರೆನ್ಸ್ ಏಜೆಂಟ್. 'ನಾಳೆ ನೀವಿಲ್ಲ ಅಂತ ಇಟ್ಕೊಳ್ಳಿ' ಎಂದೇ ಮಾತು ಶುರುಮಾಡುವವನನ್ನು ಕಂಡು ಯಾರಿಗೆ ತಾನೇ ಸಂತೋಷವಾದೀತು? ಆದರೆ ಹೋದ ವರ್ಷದಿಂದ ಜನ ರಸ್ತೆ ದಾಟುವುದನ್ನು ಬಿಟ್ಟು, ಎಲ್ಲಿಗೆ ಹೋಗುತ್ತದೆ ಎಂದೂ ನೋಡದೆ ಸಿಕ್ಕಿದ ಬಸ್ಸು ಹತ್ತತೊಡಗಿದ್ದರು. ಪಾಲಿಸಿಯಾದರೆ ಒಂದು ಮಾಡಿಸಿ ಕೈತೊಳೆದುಕೊಳ್ಳಬಹುದಿತ್ತು. ಈಗ ಅವನು ಬಿಡಿಸಲು ಹೊರಟಿದ್ದು ಮಾಂಸ, ಮೊಟ್ಟೆ, ಹಾಲು, ಮೊಸರು, ತುಪ್ಪ, ಕೊನೆಗೆ ಜೇನುತುಪ್ಪವನ್ನೂ.

ಇದೆಲ್ಲ ಶುರುವಾಗಿದ್ದು ಆಸ್ಪತ್ರೆಯ ಮಂಚದ ಮೇಲೆ. ಎದೆನೋವು ಬಂದು ರಕ್ತನಾಳಕ್ಕೆ ಸ್ಟೆಂಟು ಹಾಕಿಸಿಕೊಂಡು ಮಲಗಿದ್ದ. ಜಿಡ್ಡು ಸ್ವಲ್ಪ ಕಡಿಮೆ ಮಾಡಿ ಎಂದಷ್ಟೇ ಡಾಕ್ಟರು ಹೇಳಿದ್ದರು. ಹೊತ್ತು ಹೋಗದೆ ಮೊಬೈಲು ತೀಡುತ್ತಿದ್ದವನ ಕಣ್ಣಿಗೆ ಒಂದು ವಿಡಿಯೋ ಬಿತ್ತು. ತಾಯಿಯಿಂದ ಬೇರೆ ಮಾಡಿದ ಎಳೆಗರು ಗೋಡೆ ಕಡೆ ಮುಖ ಮಾಡಿ ಕೂಗುತ್ತಿತ್ತು. ಅನಂತರಾಜು ಹೊದಿಕೆಯೊಳಗೆ ಮುಖ ಹುದುಗಿಸಿ ಅತ್ತುಬಿಟ್ಟ, ಇನ್ನು ಪ್ರಾಣಿಯಿಂದ ಬಂದದ್ದು ಏನೂ ಬೇಡ ಎಂದುಕೊಂಡ. ಅವನನ್ನು ಬೇರೆ ಯಾವುದಕ್ಕೆ ಬೇಕಾದರೂ ಆಡಿಕೊಳ್ಳಬಹುದು, ಆ ಅಳು ಮಾತ್ರ ನಿಜವಾದದ್ದು. ಅದೇ ಹೊತ್ತಿಗೆ ಹೊರಗಿನ ವರಾಂಡದಲ್ಲಿ ಅವನ ತಾಯಿ ಮುನಿಯಮ್ಮ ಸೆರಗೊಡ್ಡಿ, "ನನ್ನ ಮಗನ್ನ ಉಳಿಸ್ಕೊಡು ತಾಯಿ ಕಬ್ಬಾಳಮ್ಮ, ಒಳ್ಳೆ ಟಗರು ಕೊಡ್ತೀನಿ" ಎಂದು ಹರಕೆ ಹೊತ್ತಳು.

ಮನೆಗೆ ಬಂದವನು ಮೊದಲು ಹೋದದ್ದು ಬಸ್‌ ಸ್ಟ್ಯಾಂಡಿನ ದಿನಸಿ ಅಂಗಡಿಯ ಗವಿಸಿದ್ದಯ್ಯನವರ ಹತ್ತಿರ. ಗವಿಸಿದ್ದಯ್ಯನವರದು ಮಾಂಸ ಮುಟ್ಟದ ಮನೆತನ. ಸುದ್ದಿ ಕೇಳಿ ಕುರ್ಚಿ ಹಾಕಿಸಿ ಕೂರಿಸಿದರು. "ತಲತಲಾಂತರದಿಂದ ನಮ್ಮನೇಲಿ ಇದೇಯ. ನಿಮಗೆ ಈಗ್ಲಾದ್ರೂ ಬುದ್ಧಿ ಬಂತಲ್ಲ, ಬುಡಿ."

"ಸಂತೋಷ ಸ್ವಾಮಿ. ಮೊಸರು ಯಾವಾಗಿಂದ ಬುಡ್ತೀರಿ?"

ಗವಿಸಿದ್ದಯ್ಯನವರ ಮುಖದಿಂದ ನಗು ಇಳಿಯಿತು. "ಮೊಸ್ರು ಬುಟ್ಟು ಅನ್ನಕ್ಕೆ ಇನ್ನೇನ್ರಿ ಹಾಕ್ಕೊಳ್ಳದು?"

"ಕಡ್ಲೆಕಾಯಿ ಹಾಲಲ್ಲೂ ಮೊಸರಾಯ್ತದೆ."

ಅಂದಿನಿಂದ ಅನಂತರಾಜು ದೂರದಲ್ಲಿ ಕಂಡರೆ ಸಾಕು, ಆ ಕುರ್ಚಿ ಅಂಗಡಿಯೊಳಗೆ ಹೋಗುತ್ತಿತ್ತು.

ಹೆಂಡತಿ ರಾಧಾಮಣಿಯ ಹತ್ತಿರವೂ ಒಮ್ಮೆ ಪ್ರಯತ್ನಿಸಿದ. ಮನೆ ಹಿಂದಿನ ಶೆಡ್ಡಿನಲ್ಲಿ ಅವಳದು ರೇಷ್ಮೆ ಹುಳುವಿನ ಸಾಕಣೆ. ಗೂಡನ್ನು ಬಿಸಿನೀರಿಗೆ ಹಾಕಿದಾಗ ಒಳಗಿನ ಜೀವಕ್ಕೆ ಏನಾಗುತ್ತದೆಂದು ಗೊತ್ತೇ ಎಂದು ಕೇಳಿದ. ಅವಳು ಹಿಪ್ಪುನೇರಳೆ ಸೊಪ್ಪು ಹರಡುತ್ತಲೇ, "ನಿಮ್ಮೆದೇಲಿರೋ ಆ ಸ್ಪ್ರಿಂಗು ಗೂಡು ಮಾರಿದ ದುಡ್ಡು ಕಣ್ರಿ. ಮೊದ್ಲು ಅದನ್ನ ತೆಗೆಸ್ಕೊಂಡು ಬನ್ನಿ, ಆಮ್ಯಾಕೆ ಪಾಪದ ಮಾತಾಡಣ" ಎಂದಳು. ಮಾತು ಸುಳ್ಳಾಗಿರಲಿಲ್ಲ. ತಾಲ್ಲೂಕಿಗೆಲ್ಲ ಪಾಲಿಸಿ ಮಾಡಿಸಿದವನ ಸ್ವಂತ ಪಾಲಿಸಿ ಕಂತು ಕಟ್ಟದೆ ಬಿದ್ದುಹೋಗಿತ್ತು. ಆಮೇಲೆ ಅವನು ಶೆಡ್ಡಿನ ಕಡೆ ತಲೆ ಹಾಕಲಿಲ್ಲ.

'ಹಸಿರು ಊಟ' ಎಂದು ಒಂದು ವಾಟ್ಸಾಪ್ ಗುಂಪು ಮಾಡಿದ. ಸೇರಿಸಿದವರೆಲ್ಲ ಸುಮ್ಮನಿದ್ದರು. ಭಾನುವಾರ ಬಂತೆಂದರೆ ಯಾರಾದರೊಬ್ಬರು ಬಿರಿಯಾನಿ ಫೋಟೋ ಹಾಕಿ, 'ಸಾರಿ ಅಣ್ಣ, ಬೇರೆ ಗ್ರೂಪಿಗೆ ಹಾಕಕ್ಕೋಗಿ ಇಲ್ಲಿಗೆ ಬಂದ್ಬುಡ್ತು' ಎಂದು ಬರೆಯುತ್ತಿದ್ದರು. ಅಷ್ಟಾದರೂ ಅನಂತರಾಜು ಸೋಲಲಿಲ್ಲ. ಬೈಸಿಕೊಂಡ ಮನೆಗೇ ಮತ್ತೆ ಹೋಗುವುದು ಏಜೆಂಟನಿಗೆ ಹೊಸದೇನಲ್ಲ.

ಅವನು ಬಾಯಿಬಿಡದೆ ಇದ್ದದ್ದು ಒಬ್ಬಳ ಮುಂದೆ ಮಾತ್ರ, ಅವಳು ಮುನಿಯಮ್ಮ. "ಡಾಕ್ಟ್ರು ಬ್ಯಾಡ ಅಂದವ್ರೆ ಕಣವ್ವ" ಎಂದು ಹೇಳಿ ಬೇರೆ ತಟ್ಟೆಯಲ್ಲಿ ಉಣ್ಣುತ್ತಿದ್ದ. ಊರವರು ಏನೇ ಅಂದರೂ ಅವಳು ಅದನ್ನು ಪಥ್ಯವೆಂದೇ ನಂಬಿದ್ದಳು. ಅವಳಿಗೆ ಹೇಗೆ ಹೇಳುವುದು? ಹೇಳಿದರೆ ಹರಕೆಯ ಮಾತು ಬರುತ್ತದೆ, ಹಿತ್ತಲಲ್ಲಿ ಕಟ್ಟಿದ ಟಗರಿನ ಮಾತು ಬರುತ್ತದೆ. ಸಂತೆಯಿಂದ ಮರಿಯಾಗಿ ತಂದದ್ದು ಈಗ ಕೊಂಬು ತಿರುಗಿ, ಕತ್ತು ದಪ್ಪವಾಗಿ ನಿಂತಿತ್ತು. ತನ್ನ ಜೀವಕ್ಕೆ ಬದಲಾಗಿ ಬೆಳೆಯುತ್ತಿರುವ ಆ ಜೀವವನ್ನು ಕಂಡಾಗಲೆಲ್ಲ ಅನಂತರಾಜುವಿನ ಕೈ ಸ್ಟೆಂಟು ಹಾಕಿದ ಎದೆಯ ಮೇಲೆ ಹೋಗುತ್ತಿತ್ತು. ಮಾಗಿ ಕಳೆಯುವುದರೊಳಗೆ ಕಬ್ಬಾಳಿಗೆ ಹೋಗಿ ಹರಕೆ ತೀರಿಸುವುದೆಂದು ಸೋದರಮಾವ ಚೆಲುವಯ್ಯ ದಿನ ಗೊತ್ತುಮಾಡಿ, ನೆಂಟರಿಗೆ ಹೇಳಿಯೂ ಆಯಿತು.

ಆಗ ಅವನಿಗೆ ಹೊಳೆದದ್ದು ಮೈ ಒದರುವ ಕಟ್ಟಳೆ. ಹರಕೆಯ ಟಗರಿನ ಮೇಲೆ ತೀರ್ಥದ ನೀರು ಹಾಕುತ್ತಾರೆ. ಅದು ನೀರು ಕೊಡವಿ ಮೈ ಒದರಿದರೆ ತಾಯಿ ಕಬ್ಬಾಳಮ್ಮ ಒಪ್ಪಿದಳೆಂದು ಅರ್ಥ. ಒದರದಿದ್ದರೆ ಯಾವ ಗಂಡಸೂ ಮಚ್ಚು ಎತ್ತುವಂತಿಲ್ಲ. ಜನರ ಮನಸ್ಸು ತಿದ್ದಲು ಹೋಗಿ ಸೋತವನು ಟಗರಿನ ಅಭ್ಯಾಸ ತಿದ್ದಲು ಹೊರಟ.

ಮಾರನೆಯ ಬೆಳಗ್ಗೆಯಿಂದಲೇ ಪೈಪು ಹಿಡಿದು ಟಗರಿಗೆ ಸ್ನಾನ. ಮೊದಮೊದಲು ಅದು ಒದರಿದ ರಭಸಕ್ಕೆ ಅನಂತರಾಜುವಿಗೇ ಎರಡನೇ ಸ್ನಾನವಾಗುತ್ತಿತ್ತು. ಬಿಡಲಿಲ್ಲ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಹಾಕುತ್ತ, ಕತ್ತು ಕೆರೆಯುತ್ತ, ತನಗೆ ಬಾಯಿಪಾಠವಾಗಿದ್ದ ಭಾಷಣವನ್ನೆಲ್ಲ ಅದಕ್ಕೇ ಮಾಡಿದ. ಪೂರ್ತಿ ಕೇಳಿಸಿಕೊಂಡ ಮೊದಲ ಪ್ರಾಣಿ ಅದು. ಹುಟ್ಟಿದಾಗಿನಿಂದ ಸೊಪ್ಪು ತಿಂದುಕೊಂಡೇ ಇದ್ದ ಅದಕ್ಕೆ ಹೊಸದಾಗಿ ಒಪ್ಪಲು ಏನೂ ಇರಲಿಲ್ಲ ಎನ್ನುವುದು ಬೇರೆ ಮಾತು. ಬರಬರುತ್ತ ನೀರು ಬಿದ್ದರೆ ಕಣ್ಣು ಮುಚ್ಚಿ ಹಾಯಾಗಿ ನಿಲ್ಲತೊಡಗಿತು.

ಮುನಿಯಮ್ಮನ ಹಿಗ್ಗು ಹೇಳತೀರದು. "ನನ್ನ ಮಗ ತಾಯಿ ಟಗರಿಗೆ ಕೈಯಾರ ಮೀಸ್ತಾನೆ ಕಣ್ರವ್ವ, ಎಂಥಾ ಭಕ್ತಿ!" ಎಂದು ಬೀದಿಯ ಹೆಂಗಸರನ್ನು ಕರೆದು ತೋರಿಸಿದಳು. ಅನಂತರಾಜು ತಲೆ ತಗ್ಗಿಸಿ ಸೋಪು ಹಚ್ಚಿದ.

ಹರಕೆಯ ದಿನ ಕಬ್ಬಾಳಿನ ಹೊರಗೆ, ಬೆಟ್ಟ ಕಾಣುವ ತೋಪಿನಲ್ಲಿ ವ್ಯಾನುಗಳು ನಿಂತವು. ದೇವಸ್ಥಾನದಲ್ಲಿ ಪೂಜೆಯಾಗಿತ್ತು. ಒಲೆ ಹೊತ್ತಿತ್ತು, ಮಸಾಲೆ ಅರೆದಾಗಿತ್ತು, ರಾಗಿಮುದ್ದೆಗೆ ಎಸರು ಇಟ್ಟಾಗಿತ್ತು. ಚಳಿಗೆ ಮುದುರಿ ಕೂತಿದ್ದ ನೆಂಟರ ಕಣ್ಣೆಲ್ಲ ಟಗರಿನ ಮೇಲೆ. ಚೆಲುವಯ್ಯ ಬೇವಿನಸೊಪ್ಪು ಅದ್ದಿ ತೀರ್ಥ ಚಿಮುಕಿಸಿದ. ಟಗರು ಕಣ್ಣು ಮುಚ್ಚಿ ನಿಂತಿತು. ಚೆಂಬಿನಲ್ಲಿ ಹೊಯ್ದ. ನಿಂತೇ ಇತ್ತು. ಬಿಂದಿಗೆಯನ್ನೇ ಎತ್ತಿ ಬಗ್ಗಿಸಿದ. ಟಗರು ಇನ್ನಷ್ಟು ಸುಖವಾಗಿ, ಈಗ ಸೋಪು ಬರುತ್ತದೆ ಎನ್ನುವಂತೆ ಕತ್ತು ಚಾಚಿತು.

ತೋಪಿನಲ್ಲಿ ಗುಸುಗುಸು ಎದ್ದಿತು. ಎಂದೂ ದೇವರಿಗೆ ಕೈಮುಗಿಯದವರೂ ಹಸಿವಿಗೆ ಕೈಮುಗಿದು ನಿಂತರು. "ಕಿವಿಗೆ ಒಸಿ ಊದ್ರೋ" ಎಂದ ಒಬ್ಬ. "ತಾಯಿ ಹತ್ರ ಮೋಸ ಮಾಡ್ತೀಯೇನ್ಲಾ?" ಎಂದು ಚೆಲುವಯ್ಯ ಗದರಿದ. ಅನಂತರಾಜು ಹುಣಸೆಮರದ ಹಿಂದೆ ನಿಂತು, ಗೆದ್ದೆ ಎಂದುಕೊಂಡ.

ಅಷ್ಟರಲ್ಲಿ ಮುನಿಯಮ್ಮ ಮುಂದೆ ಬಂದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. "ಯಾಕ್ ತಾಯಿ ಮುನುಸ್ಕಂಡೆ? ಕೊಟ್ಟ ಮಗನ್ನ ವಾಪಸ್ಸು ಕೇಳ್ತೀಯಾ? ಅವ್ನ ತಂಟೆಗೆ ಹೋಗ್ಬ್ಯಾಡ. ಅವ್ನ ಬದ್ಲು ನನ್ನ ತಗೊ" ಎಂದವಳೇ, ಯಾರೂ ತಡೆಯುವ ಮುಂಚೆ ಇನ್ನೊಂದು ಬಿಂದಿಗೆ ಎತ್ತಿ ತನ್ನ ತಲೆಯ ಮೇಲೆ ಸುರಿದುಕೊಂಡಳು.

ಮಾಗಿಯ ಬೆಳಗಿನ ತಣ್ಣೀರು. ಮುದುಕಿಯ ಮೈ ಅಡಿಯಿಂದ ಮುಡಿಯವರೆಗೆ ಗಡಗಡ ಒದರಿತು.

ಚೆಲುವಯ್ಯನ ಕೈಯ ಖಾಲಿ ಬಿಂದಿಗೆ ಕೆಳಗೆ ಬಿತ್ತು. ಮುನಿಯಮ್ಮ ಮಾತ್ರ ಒದ್ದೆ ಸೀರೆಯಲ್ಲಿ ನಡುಗುತ್ತ, "ಒಪ್ಕಂಡ್ಲು" ಎಂದು ನಕ್ಕಳು. ಆ ನಗು ಕಂಡದ್ದೇ ಅನಂತರಾಜು ಹುಣಸೆಮರದ ಹಿಂದಿನಿಂದ ಹೊರಬಿದ್ದ. ಓಡಿಬಂದು ಅವಳ ಕಾಲು ಹಿಡಿದುಕೊಂಡ.

"ಇಲ್ಲ ಕಣವ್ವ! ತಾಯಿಗೆ ಮುನಿಸಿಲ್ಲ. ನಾನೇ ನೀರು ಹಾಕಿ ಹಾಕಿ ಅದು ಒದರದಂಗೆ ಅಭ್ಯಾಸ ಮಾಡ್ಸಿದ್ದು. ಅದನ್ನ ಕಡಿಯದು ನಂಗೆ ಬ್ಯಾಡವಾಗಿತ್ತು. ಯಾರ ಜೀವನೂ ಬ್ಯಾಡ ಕಣವ್ವ."

ಚೆಲುವಯ್ಯನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಬಾಯಿಗೆ ಬಂದದ್ದು ಇಲ್ಲಿ ಬರೆಯುವಂಥದ್ದಲ್ಲ. "ಇದು ಮೋಸ ಕಣ್ಲಾ! ಟಗರನ್ನ ಬಿಸ್ಲಿಗೆ ಕಟ್ರೋ, ಒಣಗ್ಲಿ. ಇನ್ನೊಂದ್ ದಪ ನೋಡಣ" ಎಂದು ಹಗ್ಗಕ್ಕೆ ಕೈಹಾಕಿದ.

"ಮುಟ್ಬ್ಯಾಡ ಕಣೋ ಚೆಲ್ವ" ಎಂದಳು ಮುನಿಯಮ್ಮ. ಹಲ್ಲು ಕಟಕಟ ಎನ್ನುತ್ತಿದ್ದರೂ ದನಿ ಗಟ್ಟಿಯಾಗಿತ್ತು. "ತಾಯಿ ಒಪ್ಪಿದ್ದು ನನ್ನ. ಟಗರಿನ ಲೆಕ್ಕ ಮುಗೀತು. ಕಡಿಯಂಗಿದ್ರೆ ನನ್ನ ಕಡಿ."

ಕಟ್ಟಳೆ ಪ್ರಕಾರ ಅವಳ ಮಾತಿಗೆ ಎದುರು ಮಾತಿರಲಿಲ್ಲ. ಅಕ್ಕನನ್ನು ಕಡಿಯುವಷ್ಟು ಹಸಿವು ಚೆಲುವಯ್ಯನಿಗೂ ಇರಲಿಲ್ಲ. ಆದರೆ ಅರೆದ ಮಸಾಲೆ ಹಾಗೇ ಇತ್ತಲ್ಲ? ಒಂದು ವ್ಯಾನು ಹೋಗಿ ದಾರಿಬದಿಯ ಅಂಗಡಿಯಲ್ಲಿದ್ದ ಕೋಳಿಗಳನ್ನೆಲ್ಲ ಹೊತ್ತು ತಂದಿತು. ಕೋಳಿಗೆ ತೀರ್ಥ ಹಾಕುವ ಕಟ್ಟಳೆಯನ್ನು ಅಂದು ಯಾರೂ ನೆನಪಿಸಿಕೊಳ್ಳಲಿಲ್ಲ. ಉಂಡು ಕೈತೊಳೆದವರು ಅನಂತರಾಜುವಿನ ಬೆನ್ನು ತಟ್ಟಿ, "ಒಂದು ಜೀವ ಉಳಿಸ್ದೆ ಬುಡಪ್ಪ" ಎಂದು ಹೊಗಳಿ ಹೋದರು. ಅವನು ರಾಶಿಬಿದ್ದ ಪುಕ್ಕದ ಕಡೆ ನೋಡದೆ ತಲೆ ಆಡಿಸಿದ.

ಸಂಜೆ ವ್ಯಾನಿನಲ್ಲಿ ತಾಯಿ, ಮಗ, ಇಬ್ಬರ ನಡುವೆ ಟಗರು. ರಾಧಾಮಣಿಯ ಶಾಲು ಹೊದ್ದು ಕೂತಿದ್ದ ಮುನಿಯಮ್ಮ ಬಹಳ ಹೊತ್ತು ಅದರ ಕೊಂಬು ಸವರುತ್ತಿದ್ದಳು.

"ಗವಿಸಿದ್ದಯ್ಯನ್ಗೆ ಹೇಳ್ದೆ. ನಿನ್ನ ಹೆಂಡ್ರಿಗೆ ಹೇಳ್ದೆ. ಚನ್ನಪಟ್ಣದೋರ್ಗೆಲ್ಲ ಹಿಡ್ಕಂಡು ಹಿಡ್ಕಂಡು ಹೇಳ್ದೆ. ಹರಕೆ ಹೊತ್ತೋಳು ನಾನು ಕಣ್ ಮೊಗ. 'ಅವ್ವ, ಕಡೀಬ್ಯಾಡ' ಅಂತ ನನ್ನ ಒಂದ್ ಮಾತು ಕೇಳ್ದಾ?"

'ನಾಳೆ ನೀವಿಲ್ಲ ಅಂತ ಇಟ್ಕೊಳ್ಳಿ' ಎಂದು ಲೋಕವನ್ನೆಲ್ಲ ಹೆದರಿಸಿದ ಅನಂತರಾಜು ಟಗರಿನ ಕತ್ತಿನ ಹಗ್ಗವನ್ನು ಬಿಚ್ಚಿ ಸಡಿಲಮಾಡಿದ.

"ಕೇಳಿದ್ರೆ ಬುಡ್ತಿದ್ನಲ್ಲೋ" ಎಂದಳು ಅವಳು. ಶಾಲನ್ನು ಬಿಗಿಯಾಗಿ ಹೊದ್ದುಕೊಂಡು, "ಈಗ್ಲಾದ್ರೂ ಹೇಳು. ನಾನ್ ಏನೇನು ಬುಡ್ಬೇಕು? ಕಾಫಿನೂವಾ?"

ಒಂದು ತೊಟ್ಟು ಹಾಲಿಗೂ ರಿಯಾಯಿತಿ ಕೊಡದೆ ಊರೂರು ತಿರುಗಿದ್ದ ಮನುಷ್ಯ ಟಗರಿನ ಒದ್ದೆ ಬೆನ್ನಿಗೆ ಹಣೆ ಇಟ್ಟುಕೊಂಡ.

"ಕಾಫಿ ಇರ್ಲಿ ಬುಡವ್ವ" ಎಂದ.